ಹಳೆಯ ಜನರೇಷನ್ ಪ್ರೊಸೆಸರ್ ಸಾಕಾ, ಹೊಸದೇ ಬೇಕಾ? ಕಂಪ್ಯೂಟರ್ ಜೋಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟ ನೆಂಟರು, ಸ್ನೇಹಿತರು ನನಗೆ ಕೊಟೇಶನ್ ಫೋಟೋ ಕಳಿಸುತ್ತಾರೆ. ಗೊಂದಲ ಮೊದಲ ಸಾಲಿನಲ್ಲೇ ಶುರು. ಒಂದು ಅಂಗಡಿಯವರು ಹಳೆಯ ಜನರೇಷನ್ ಪ್ರೊಸೆಸರ್ ಬರೆದಿರುತ್ತಾರೆ, ಪಕ್ಕದ ಅಂಗಡಿಯವರು ಹೊಸದನ್ನು. ಯಾವುದು ಸರಿ? ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಬೆಲೆ ಬರೆದಿಲ್ಲ, ಏಕೆಂದರೆ ಅದು ವಾರವಾರ ಬದಲಾಗುತ್ತದೆ. ಬೆಲೆ ಗೊತ್ತಾದ ಮೇಲೆ ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಬರೆದಿದ್ದೇನೆ.

ಯಾವ ಜನರೇಷನ್ ಎಂದು ಹೆಸರು ನೋಡಿ ಗುರುತಿಸುವುದು ಹೇಗೆ?

ಇಂಟೆಲ್‌ನಲ್ಲಿ ಸುಲಭ. ಐ5-12400 ಎಂದಿದ್ದರೆ ಅಡ್ಡಗೆರೆಯ ಮುಂದಿನ 12 ಎಂಬುದೇ ಜನರೇಷನ್. ಐ5-8500 ಎಂದರೆ 8ನೆಯದು. 14ನೇ ಜನರೇಷನ್ ಆದ ಮೇಲೆ ಡೆಸ್ಕ್‌ಟಾಪ್‌ಗೆ ‘ಕೋರ್ ಅಲ್ಟ್ರಾ 200’ ಎಂಬ ಹೊಸ ಹೆಸರಿನ ಸಾಲು ಬಂತು. ಕೊನೆಯಲ್ಲಿ ‘ಎಫ್’ ಅಕ್ಷರ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕಲೇಬೇಕು. ‘ಕೆ’ ಇದ್ದರೆ ಓವರ್‌ಕ್ಲಾಕ್ ಮಾಡಬಹುದು, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಬಹುದು.

ಎಎಂಡಿಯಲ್ಲಿ ರೈಜೆನ್ 5 5600 ಎಂದರೆ 5000 ಸರಣಿ, 7600 ಎಂದರೆ 7000 ಸರಣಿ. ಆದರೆ ಇಲ್ಲಿ ನಂಬರ್ ನೋಡಿ ನಂಬಿದರೆ ಮೋಸ ಹೋಗುವ ಸಾಧ್ಯತೆ ಜಾಸ್ತಿ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಐ7 ಇದ್ದರೆ ಐ3ಗಿಂತ ಒಳ್ಳೆಯದೇ ಅಲ್ವಾ?

ಒಂದೇ ಜನರೇಷನ್ ಒಳಗಾದರೆ ಹೌದು. ಬೇರೆ ಬೇರೆ ಜನರೇಷನ್ ಆದರೆ ಈ ಮಾತು ನಿಲ್ಲುವುದಿಲ್ಲ.

‘ಐ7 ಕಂಪ್ಯೂಟರ್, ಕಡಿಮೆ ರೇಟ್’ ಎಂಬ ಜಾಹೀರಾತು ನೋಡಿರುತ್ತೀರಿ. ಒಳಗೆ ಬಹಳ ಸಲ ಐ7-2600 ಅಥವಾ ಐ7-4770 ಇರುತ್ತದೆ. ಮೊದಲನೆಯದು 2011ರದು, ಎರಡನೆಯದು 2013ರದು. ಎರಡರಲ್ಲೂ 4 ಕೋರ್, 8 ಥ್ರೆಡ್. ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ, ಥ್ರೆಡ್ ಎಂದರೆ ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ. 2022ರಲ್ಲಿ ಬಂದ ಐ3-12100ರಲ್ಲೂ ಅಷ್ಟೇ, 4 ಕೋರ್, 8 ಥ್ರೆಡ್. ಆದರೆ ಇದರ ಒಂದೊಂದು ಕೋರ್ ಆ 4770ರ ಕೋರ್‌ಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಚುರುಕು. ವಿದ್ಯುತ್ತೂ ಕಡಿಮೆ ಸಾಕು, ವಿಂಡೋಸ್ 11 ಕೂಡ ತಕರಾರಿಲ್ಲದೆ ನಡೆಯುತ್ತದೆ. ‘ಐ7’ ಎಂಬ ಸ್ಟಿಕ್ಕರ್ ನೋಡಿದ ತಕ್ಷಣ ಪೂರ್ತಿ ನಂಬರ್ ಕೇಳಿ. ಕೊಡದಿದ್ದರೆ ಅಲ್ಲಿ ವ್ಯಾಪಾರ ಬೇಡ.

ಹಾಗಾದರೆ ಹೊಸ ಜನರೇಷನ್ ಯಾವಾಗಲೂ ಹಳೆಯದಕ್ಕಿಂತ ವೇಗವೇ?

ಹತ್ತು ವರ್ಷದ ಅಂತರವಿದ್ದರೆ ಹೌದು. ಒಂದು ಜನರೇಷನ್ ಅಂತರಕ್ಕೆ ಗ್ಯಾರಂಟಿ ಇಲ್ಲ.

2020ರ ಐ9-10900ಕೆಯಲ್ಲಿ 10 ಕೋರ್ ಇತ್ತು. ಮರುವರ್ಷ ಬಂದ ಐ9-11900ಕೆಯಲ್ಲಿ 8 ಕೋರ್ ಮಾತ್ರ. ಎಲ್ಲ ಕೋರ್ ಬಳಸುವ ಕೆಲಸಗಳಲ್ಲಿ ಹೊಸದು ಹಳೆಯದನ್ನು ಹಿಂದೆ ಹಾಕಲು ಒದ್ದಾಡಿತು. ಐ5-13400 ಮತ್ತು ಐ5-14400 ನೋಡಿ. ಎರಡರಲ್ಲೂ 10 ಕೋರ್, 16 ಥ್ರೆಡ್. ಗರಿಷ್ಠ ವೇಗ 4.6 ಗಿಗಾಹರ್ಟ್ಜ್ ಇದ್ದದ್ದು 4.7 ಆಯಿತು. ಅಷ್ಟೇ ವ್ಯತ್ಯಾಸ. ಎರಡರ ನಡುವೆ ಕಡಿಮೆ ರೇಟಿನದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ.

2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 9 285ಕೆ ಬಿಡುಗಡೆಯಾದಾಗ ಹಲವು ಗೇಮ್‌ಗಳಲ್ಲಿ ತನ್ನ ಹಿಂದಿನ 14900ಕೆಗಿಂತ ಹಿಂದೆ ಬಿತ್ತು. ವಿದ್ಯುತ್ ಬಳಕೆಯಲ್ಲಿ ಮಾತ್ರ ಚೆನ್ನಾಗಿ ಸುಧಾರಿಸಿತ್ತು.

ಎಎಂಡಿ ನಂಬರ್‌ಗಳಲ್ಲಿ ಎಲ್ಲಿ ಎಡವುತ್ತೇವೆ?

ಮೂರು ಕಡೆ.

ಮೊದಲನೆಯದು 5500 ಮತ್ತು 5600. ಎರಡರಲ್ಲೂ 6 ಕೋರ್, 12 ಥ್ರೆಡ್. ಆದರೆ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ಅತಿ ವೇಗದ ಪುಟ್ಟ ಮೆಮೊರಿ), 5500ರಲ್ಲಿ 16 ಎಂಬಿ. ಪಿಸಿಐಇ ಎಂದರೆ ಗ್ರಾಫಿಕ್ಸ್ ಕಾರ್ಡ್ ಜೊತೆ ಡೇಟಾ ಓಡಾಡುವ ಸಂಪರ್ಕ. 5500 ಅದರ ಹಳೆಯ 3.0ಗೆ ನಿಲ್ಲುತ್ತದೆ, 5600 ಪಿಸಿಐಇ 4.0 ಕೊಡುತ್ತದೆ. ಗೇಮ್ ಆಡುವವರಿಗೆ ಇದು ಕಣ್ಣಿಗೆ ಕಾಣುವ ವ್ಯತ್ಯಾಸ.

ಎರಡನೆಯದು 5700 ಮತ್ತು 5700ಎಕ್ಸ್. ಒಂದು ಅಕ್ಷರ ತಾನೇ ಎಂದು ಬಿಡಬೇಡಿ. ಎಕ್ಸ್ ಇಲ್ಲದ 5700 ಕೂಡ 5500ರ ಹಾಗೆಯೇ, 16 ಎಂಬಿ ಕ್ಯಾಶ್ ಮತ್ತು ಪಿಸಿಐಇ 3.0.

ಮೂರನೆಯದು 8000 ಸರಣಿ. 8 ದೊಡ್ಡದು, 7 ಚಿಕ್ಕದು ಎಂದು ಎಲ್ಲರೂ ಅಂದುಕೊಳ್ಳುವುದು ಸಹಜ. ಆದರೆ 8500ಜಿ, 8600ಜಿ, 8700ಜಿ, 8400ಎಫ್ ಇವೆಲ್ಲ ಲ್ಯಾಪ್‌ಟಾಪ್‌ಗೆಂದು ಮಾಡಿದ ಚಿಪ್‌ನಿಂದ ಬಂದವು. ಕ್ಯಾಶ್ 16 ಎಂಬಿ ಮಾತ್ರ, ಗ್ರಾಫಿಕ್ಸ್ ಕಾರ್ಡ್‌ಗೆ ಸಿಗುವ ಲೇನ್‌ಗಳೂ (ಡೇಟಾ ಓಡಾಡುವ ದಾರಿಗಳೂ) ಕಡಿಮೆ. ಒಳಗಿನ ಗ್ರಾಫಿಕ್ಸ್‌ನಲ್ಲೇ ಕೆಲಸ ಸಾಗಿಸುವವರಿಗೆ 8600ಜಿ, 8700ಜಿ ಒಳ್ಳೆಯವು. ಬೇರೆ ಕಾರ್ಡ್ ಹಾಕುವವರಿಗೆ ರೈಜೆನ್ 5 7600 ವಾಸಿ.

ಸರಿ, ನಂಬರ್ ಅರ್ಥ ಆಯ್ತು. ಆಯ್ಕೆ ಮಾಡುವಾಗ ಮೊದಲು ಏನು ನೋಡಬೇಕು?

ಸಾಕೆಟ್, ಅಂದರೆ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ. ಪ್ರೊಸೆಸರ್ ಆಮೇಲೆ.

ಪ್ರೊಸೆಸರ್ ಒಂಟಿಯಾಗಿ ಮನೆಗೆ ಬರುವುದಿಲ್ಲ. ಅದರ ಜೊತೆ ಮದರ್‌ಬೋರ್ಡ್ ಬರುತ್ತದೆ, ಆ ಬೋರ್ಡ್ ಒಪ್ಪುವ ರ‍್ಯಾಮ್ ಬರುತ್ತದೆ. ಐದು ವರ್ಷ ಆದ ಮೇಲೆ ಏನು ಬದಲಿಸಬಹುದು ಎಂಬುದೂ ಅದೇ ದಿನ ತೀರ್ಮಾನವಾಗುತ್ತದೆ. ಅದಕ್ಕೇ ನಾನು ಎರಡು ಪ್ರೊಸೆಸರ್‌ಗಳನ್ನು ಹೋಲಿಸುವುದಿಲ್ಲ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಕೂಡಿಸಿ ಹೋಲಿಸುತ್ತೇನೆ.

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಸಾಕೆಟ್ ನಾಲ್ಕು. ಎಎಂಡಿಯ ಎಎಂ4 ಹಳೆಯದು. 2017ರ ಮೊದಲ ರೈಜೆನ್‌ನಿಂದ 5000 ಸರಣಿಯವರೆಗೆ ಅದರಲ್ಲೇ ಕೂರುತ್ತವೆ, ರ‍್ಯಾಮ್ ಡಿಡಿಆರ್4. ಎಎಂ5 ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ1700ಯಲ್ಲಿ 12, 13, 14ನೇ ಜನರೇಷನ್ ಕೂರುತ್ತವೆ. ಬೋರ್ಡ್ ಯಾವುದು ಎಂಬುದರ ಮೇಲೆ ಡಿಡಿಆರ್4 ಅಥವಾ ಡಿಡಿಆರ್5. ಎಲ್‌ಜಿಎ1851 ಕೋರ್ ಅಲ್ಟ್ರಾ 200ಕ್ಕೆ, ಡಿಡಿಆರ್5 ಮಾತ್ರ.

ಮುಂದೆ ದಾರಿ ಇರುವುದು ಎಎಂ5ಗೆ. 2027 ಮತ್ತು ಅದರಾಚೆಗೂ ಈ ಸಾಕೆಟ್‌ಗೆ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ. ಈಗಾಗಲೇ 7000, 8000, 9000 ಮೂರೂ ಸರಣಿ ಅದರಲ್ಲಿ ಬಂದಿವೆ. ಇವತ್ತು 7600 ಹಾಕಿಸಿದವರು ನಾಳೆ ಬಯೋಸ್ (ಆನ್ ಮಾಡಿದಾಗ ಬೋರ್ಡ್‌ನಲ್ಲಿ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಮಾಡಿ ಅದೇ ಬೋರ್ಡ್‌ಗೆ 9800ಎಕ್ಸ್3ಡಿ ಹಾಕಬಹುದು. ಎಎಂ4, ಎಲ್‌ಜಿಎ1700 ಎರಡರ ದಾರಿಯೂ ಮುಗಿದಿದೆ. ಮುಗಿದ ದಾರಿ ಎಂದರೆ ಕೆಟ್ಟದ್ದು ಅಂತಲ್ಲ. ಅಲ್ಲಿ ಕೊಂಡದ್ದನ್ನು ಕೊನೆಯವರೆಗೂ ಬಳಸುತ್ತೀರಿ, ಆಮೇಲೆ ಮೂರನ್ನೂ ಬದಲಿಸುತ್ತೀರಿ ಎಂದು ಒಪ್ಪಿಕೊಂಡು ಕೊಳ್ಳಬೇಕು.

ಎಷ್ಟು ಜನ ನಿಜವಾಗಲೂ ಪ್ರೊಸೆಸರ್ ಒಂದನ್ನೇ ಬದಲಿಸುತ್ತಾರೆ?

ಒಳ್ಳೆಯ ಪ್ರಶ್ನೆ. ನಾನು ಕಂಡಂತೆ ಕಡಿಮೆ ಜನ. ಮನೆಗೆ, ಓದಿಗೆ, ಅಂಗಡಿ ಲೆಕ್ಕಕ್ಕೆ ಎಂದು ತೆಗೆದುಕೊಂಡವರು ಏಳೆಂಟು ವರ್ಷ ಅದನ್ನೇ ಬಳಸಿ, ಕೊನೆಗೆ ಎಲ್ಲವನ್ನೂ ಬದಲಿಸುತ್ತಾರೆ. ಅಂಥವರು ‘ಮುಂದೆ ಅಪ್‌ಗ್ರೇಡ್ ಮಾಡಬಹುದು’ ಎಂಬ ಮಾತಿಗೆ ಇವತ್ತು ಹಣ ಕೊಡಬೇಕಿಲ್ಲ. ಗೇಮ್, ಎಡಿಟಿಂಗ್ ಹುಚ್ಚಿರುವವರು ಮೂರು ನಾಲ್ಕು ವರ್ಷಕ್ಕೆ ಬದಲಿಸುತ್ತಾರೆ. ಅವರಿಗೆ ಅದು ಬೆಲೆ ಬಾಳುವ ಮಾತು. ನೀವು ಯಾವ ಗುಂಪಿನವರು ಎಂದು ನಿಮ್ಮ ಹಿಂದಿನ ಕಂಪ್ಯೂಟರ್ ನೋಡಿದರೆ ಗೊತ್ತಾಗುತ್ತದೆ.

ಡಿಡಿಆರ್4 ಈಗ ತಗೊಂಡರೆ ತಪ್ಪಾ?

ನಿಮ್ಮ ಹತ್ತಿರ ಈಗಾಗಲೇ ಒಳ್ಳೆಯ ಡಿಡಿಆರ್4 ಇದ್ದರೆ ಖಂಡಿತ ತಪ್ಪಲ್ಲ. 16 ಜಿಬಿಯ ಎರಡು ಸ್ಟಿಕ್ ಇಟ್ಟುಕೊಂಡು ಎಎಂ5ಗೆ ಹೋದರೆ ಅವೆರಡೂ ಸುಮ್ನೆ ಡ್ರಾಯರ್ ಸೇರುತ್ತವೆ. ಡಿಡಿಆರ್4 ಮತ್ತು ಡಿಡಿಆರ್5ರ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ.

ಎಲ್ಲವನ್ನೂ ಹೊಸದಾಗಿ ಕೊಳ್ಳುವವರ ಲೆಕ್ಕ ಬೇರೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಆಗ ಪ್ರೊಸೆಸರ್ ಬಜೆಟ್ ಹಾಕಿಕೊಂಡಿದ್ದವರ ಲೆಕ್ಕವೆಲ್ಲ ರ‍್ಯಾಮ್ ಸಾಲಿನಲ್ಲಿ ತಪ್ಪಿತು. ಆದ್ದರಿಂದ ಕೊಟೇಶನ್ ತೆಗೆದುಕೊಳ್ಳುವ ದಿನ ಎರಡೂ ಬಗೆಯ ರ‍್ಯಾಮ್ ಬೆಲೆ ಕೇಳಿ. ಡಿಡಿಆರ್4 ಕಡಿಮೆಗೇ ಸಿಗುತ್ತದೆ ಎಂದು ಮೊದಲೇ ತೀರ್ಮಾನಿಸಬೇಡಿ.

ಎಎಂ5ಗೆ ಡಿಡಿಆರ್5-6000 ವೇಗದ ಎರಡು ಸ್ಟಿಕ್ ಚೆನ್ನಾಗಿ ಹೊಂದುತ್ತವೆ. ನಾಲ್ಕು ಹಾಕಿದರೆ ವೇಗ ಇಳಿಯುತ್ತದೆ. ಮುಂದೆ ಇನ್ನೆರಡು ಸೇರಿಸೋಣ ಎಂಬ ಹಳೆಯ ಯೋಚನೆ ಇಲ್ಲಿ ನಡೆಯುವುದಿಲ್ಲ. ಎಎಂ4ಗೆ 3200 ಅಥವಾ 3600 ಸಾಕು. ಯಾವುದೇ ಆದರೂ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಮಾಡದಿದ್ದರೆ ದುಡ್ಡು ಕೊಟ್ಟ ವೇಗ ಸಿಗುವುದಿಲ್ಲ.

ಇಂಟೆಲ್‌ನಲ್ಲಿ 12, 13, 14 ಇವುಗಳಲ್ಲಿ ಯಾವುದು?

ಬಜೆಟ್ ಬಿಗಿಯಾಗಿದ್ದರೆ ಐ5-12400 ಈಗಲೂ ನನ್ನ ಮೊದಲ ಮಾತು. 6 ಕೋರ್, 12 ಥ್ರೆಡ್. ಚಿಕ್ಕ ಕೋರ್‌ಗಳ ಗೊಡವೆ ಇಲ್ಲ. ಸಾಧಾರಣ ಬೋರ್ಡ್, ಸಾಧಾರಣ ಕೂಲರ್ ಸಾಕು. ಸ್ವಲ್ಪ ಜಾಸ್ತಿ ಹಾಕಬಲ್ಲಿರಾದರೆ 13400 ಅಥವಾ 14400. ಅವುಗಳಲ್ಲಿ 6 ದೊಡ್ಡ ಕೋರ್ ಜೊತೆ 4 ಚಿಕ್ಕ ಕೋರ್ ಇವೆ, ವಿಡಿಯೋ ಎಕ್ಸ್‌ಪೋರ್ಟ್‌ಗೆ ಅನುಕೂಲ.

ಅದಕ್ಕಿಂತ ಮೇಲಿನವು ಬೇಕೆನ್ನುವವರು ಒಂದು ವಿಷಯ ತಿಳಿದಿರಬೇಕು. 13 ಮತ್ತು 14ನೇ ಜನರೇಷನ್‌ನ ಹೆಚ್ಚು ವಿದ್ಯುತ್ ಎಳೆಯುವ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಏರಿ, ಚಿಪ್ ಕ್ರಮೇಣ ಹಾಳಾಗುವ ದೋಷ ಕಂಡಿತು. ಗೇಮ್ ಮಧ್ಯೆ ಕ್ರ್ಯಾಶ್, ನೀಲಿ ಪರದೆ, ಫೈಲ್ ಬಿಚ್ಚುವಾಗ ಎರರ್, ಇವು ಲಕ್ಷಣ. 2024ರ ಆಗಸ್ಟ್‌ನಿಂದ ಇಂಟೆಲ್ ಮೈಕ್ರೋಕೋಡ್ (ಬಯೋಸ್ ಜೊತೆ ಬರುವ, ಚಿಪ್‌ನ ಒಳ ತಂತ್ರಾಂಶ) ಸರಿಪಡಿಕೆ ಕೊಟ್ಟಿತು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ಹೊಸ ಪೀಸ್ ಕೊಂಡು, ಮೊದಲ ದಿನವೇ ಬಯೋಸ್ ಅಪ್‌ಡೇಟ್ ಮಾಡಿದರೆ ಹೆದರಬೇಕಿಲ್ಲ. ಆದರೆ ಬಳಸಿದ 13900ಕೆ, 14900ಕೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಒಮ್ಮೆ ಆಗಿಹೋದ ಹಾನಿಯನ್ನು ಅಪ್‌ಡೇಟ್ ತಿರುಗಿ ಸರಿ ಮಾಡುವುದಿಲ್ಲ. 12ನೇ ಜನರೇಷನ್‌ಗೆ ಈ ತೊಂದರೆ ಇಲ್ಲ.

ಗೇಮ್ ಆಡಲು ಹೊಸ ಜನರೇಷನ್ ಬೇಕೇ ಬೇಕಾ?

ನಿಮ್ಮ ಮಾನಿಟರ್ ಯಾವುದು ಹೇಳಿ, ಆಮೇಲೆ ಉತ್ತರ ಕೊಡುತ್ತೇನೆ.

60 ಅಥವಾ 75 ಹರ್ಟ್ಜ್ ಮಾನಿಟರ್‌ನಲ್ಲಿ ಆಡುವವರಿಗೆ ರೈಜೆನ್ 5 5600ಕ್ಕೂ 7600ಕ್ಕೂ ವ್ಯತ್ಯಾಸ ಕಾಣುವುದು ಕಷ್ಟ. ಪರದೆ ತೋರಿಸುವ ಫ್ರೇಮ್‌ಗಳಿಗಿಂತ ಎರಡೂ ಹೆಚ್ಚು ಕೊಡುತ್ತವೆ. ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ, ಅದು ಪ್ರತಿ ಗೇಮ್‌ನಲ್ಲೂ ಕಾಣುತ್ತದೆ. 1440ಪಿ, 4ಕೆ ಪರದೆಯವರಿಗೂ ಇದೇ ಮಾತು, ಏಕೆಂದರೆ ಅಲ್ಲಿ ಭಾರ ಬೀಳುವುದು ಕಾರ್ಡ್ ಮೇಲೆ.

ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಥರದ ಗೇಮ್‌ಗಳನ್ನು 144 ಅಥವಾ 240 ಹರ್ಟ್ಜ್‌ನಲ್ಲಿ ಆಡುವವರು ಬೇರೆ. ಅಲ್ಲಿ ಪ್ರೊಸೆಸರ್ ಚುರುಕಾಗಿದ್ದಷ್ಟೂ ಫ್ರೇಮ್ ಏರುತ್ತದೆ. ಅವರಿಗೆ ಎಎಂ5 ಸರಿಯಾದ ಜಾಗ. ಹೆಸರಿನಲ್ಲಿ ‘ಎಕ್ಸ್3ಡಿ’ ಇರುವವುಗಳಲ್ಲಿ ಚಿಪ್‌ನೊಳಗೆ ಕ್ಯಾಶ್‌ನ ಇನ್ನೊಂದು ಪದರ ಇದೆ. 7800ಎಕ್ಸ್3ಡಿಯಲ್ಲಿ ಎಲ್3 ಕ್ಯಾಶ್ ಒಟ್ಟು 96 ಎಂಬಿ. ಗೇಮ್‌ಗೆ ಬೇಕಾದ ಡೇಟಾ ರ‍್ಯಾಮ್‌ವರೆಗೆ ಹೋಗದೆ ಅಲ್ಲೇ ಸಿಗುತ್ತದೆ, ಅದಕ್ಕೇ ಆ ವೇಗ. 2022ರ 5800ಎಕ್ಸ್3ಡಿಯಲ್ಲೂ 96 ಎಂಬಿ ಇತ್ತು. ಹಳೆಯ ಎಎಂ4ನಲ್ಲಿದ್ದುಕೊಂಡೇ ಅದು ಎಷ್ಟೋ ಹೊಸ ಪ್ರೊಸೆಸರ್‌ಗಳನ್ನು ಗೇಮ್‌ನಲ್ಲಿ ಸರಿಗಟ್ಟಿತು.

ವಿಡಿಯೋ ಎಡಿಟಿಂಗ್‌ಗೆ?

ಇಲ್ಲಿ ಒಂದು ಮುಖ್ಯ ಮಾತು ಇದೆ: ಇಂಟೆಲ್ ತಗೊಂಡರೆ ‘ಎಫ್’ ಬೇಡ. ಒಳಗಿನ ಗ್ರಾಫಿಕ್ಸ್ ಜೊತೆ ಕ್ವಿಕ್ ಸಿಂಕ್ ಎಂಬ ವಿಡಿಯೋ ಭಾಗ ಬರುತ್ತದೆ. ಈಗಿನ ಕ್ಯಾಮೆರಾಗಳು ಕೊಡುವ 10 ಬಿಟ್ 4:2:2 ಎಚ್.265 ಫೈಲ್‌ಗಳನ್ನು 12400ರ ಆ ಭಾಗ ಸರಾಗವಾಗಿ ಓಡಿಸುತ್ತದೆ. ಮದುವೆ ವಿಡಿಯೋ ಮಾಡುವವರಿಗೆ ಟೈಮ್‌ಲೈನ್ ತಡೆದು ತಡೆದು ಓಡದಿರುವುದೇ ಅರ್ಧ ಕೆಲಸ ಮುಗಿದ ಹಾಗೆ. ‘ಎಫ್’ ತಗೊಂಡು ಸ್ವಲ್ಪ ಹಣ ಉಳಿಸಿದವರು ಇದನ್ನು ಕಳೆದುಕೊಳ್ಳುತ್ತಾರೆ.

ಡಿಟಿಪಿ, ಟ್ಯಾಲಿ, ಆಫೀಸ್ ಕೆಲಸಕ್ಕೆ?

ಐ3-12100 ಧಾರಾಳ ಸಾಕು. ನಮ್ಮ ಊರುಗಳ ಎಷ್ಟೋ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಇಂದಿಗೂ ಪೇಜ್‌ಮೇಕರ್ ಮತ್ತು ನುಡಿಯಲ್ಲೇ ಕೆಲಸ ನಡೆಯುತ್ತದೆ. ಅವು ಹಳೆಯ ತಂತ್ರಾಂಶಗಳು, ಹೆಚ್ಚು ಕೋರ್ ಕೊಟ್ಟರೂ ಬಳಸುವುದಿಲ್ಲ. ಅಲ್ಲಿ ಹಣ ಹಾಕಬೇಕಾದ್ದು ಎಸ್‌ಎಸ್‌ಡಿಗೆ, ಒಳ್ಳೆಯ ಪರದೆಗೆ, ಮತ್ತು ಯುಪಿಎಸ್‌ಗೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದ ಹೊಸ ಜನರೇಷನ್‌ಗಿಂತ ಯುಪಿಎಸ್ ಇರುವ ಹಳೆಯದು ಮೇಲು.

ಎಂಜಿನಿಯರಿಂಗ್ ಓದುವ ಮಗಳಿಗೆ ಕೋಡಿಂಗ್‌ಗೆ ಬೇಕು. ಯಾವುದು?

6 ಕೋರ್ ಇರುವ ಯಾವುದಾದರೂ ಸರಿ, ಹಳೆಯದಾದರೂ ಪರವಾಗಿಲ್ಲ. ರ‍್ಯಾಮ್ ಮಾತ್ರ 16 ಜಿಬಿಗಿಂತ ಕಡಿಮೆ ಬೇಡ. ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್, ಬ್ರೌಸರ್ ಒಟ್ಟಿಗೆ ತೆರೆದರೆ ಮೊದಲು ಉಸಿರುಗಟ್ಟುವುದು ರ‍್ಯಾಮ್.

ವಿಂಡೋಸ್ 11ಕ್ಕೆ ಎಷ್ಟು ಹಳೆಯದು ನಡೆಯುತ್ತದೆ?

ಇಂಟೆಲ್‌ನಲ್ಲಿ 8ನೇ ಜನರೇಷನ್, ಎಎಂಡಿಯಲ್ಲಿ ರೈಜೆನ್ 2000 ಸರಣಿ. ಇದು ಮೈಕ್ರೋಸಾಫ್ಟ್ ಹಾಕಿರುವ ಗೆರೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗೆರೆಗಿಂತ ಹಿಂದಿನದರಲ್ಲಿ ವಿಂಡೋಸ್ 11 ಹೇಗೋ ಹಾಕಿಕೊಡುತ್ತೇವೆ ಎನ್ನುವವರು ಇದ್ದಾರೆ. ಹಾಕಬಹುದು, ಆದರೆ ಅಪ್‌ಡೇಟ್ ಬರುತ್ತಲೇ ಇರುತ್ತದೆ ಎಂಬ ಭರವಸೆ ಇಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಆಗಿರಬೇಕು.

ಲಿನಕ್ಸ್ ಬಳಸುವವರಿಗೆ ಈ ಗೆರೆ ಇಲ್ಲ. ಹಳೆಯ ಯಂತ್ರವನ್ನು ಇನ್ನಷ್ಟು ವರ್ಷ ಬಾಳಿಸಲು ಅದು ಒಳ್ಳೆಯ ದಾರಿ.

ಹಳೆಯ ಬೋರ್ಡ್‌ನಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ನಡೆಯುತ್ತದಾ?

ನಡೆಯುತ್ತದೆ. ಆದರೆ ಕಾರ್ಡ್ ಎಷ್ಟು ಲೇನ್ ಬಳಸುತ್ತದೆ ನೋಡಿ. 16 ಲೇನ್ ಇರುವ ಕಾರ್ಡ್ ಪಿಸಿಐಇ 3.0ನಲ್ಲೂ ಹೆಚ್ಚು ಕಳೆದುಕೊಳ್ಳುವುದಿಲ್ಲ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600ಗಳಲ್ಲಿ 8 ಲೇನ್ ಮಾತ್ರ. ಅವುಗಳ ಮೆಮೊರಿ ತುಂಬಿದಾಗ 3.0 ಬೋರ್ಡ್‌ನಲ್ಲಿ ತಡವರಿಕೆ ಕಾಣುತ್ತದೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ 4 ಲೇನ್, ಅದನ್ನು ಹಳೆಯ ಬೋರ್ಡ್‌ಗೆ ಹಾಕಲೇಬೇಡಿ. ಎಎಂ4ನಲ್ಲಿ ಬಿ450, ಎ520 ಬೋರ್ಡ್‌ಗಳು 3.0, ಬಿ550 ಬೋರ್ಡ್ 4.0. ಹೊಸದಾಗಿ ಎಎಂ4 ಕೊಳ್ಳುವವರು ಬಿ550 ಕೇಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಪ್ರೊಸೆಸರ್ ಸಾಮಾನ್ಯವಾಗಿ ಸುಲಭಕ್ಕೆ ಕೆಡುವ ವಸ್ತು ಅಲ್ಲ. ಮೇಲೆ ಹೇಳಿದ ಇಂಟೆಲ್‌ನ ಆ ದೊಡ್ಡವನ್ನು ಬಿಟ್ಟರೆ ಬಳಸಿದ ಪ್ರೊಸೆಸರ್‌ಗೆ ನಾನು ಬೇಡ ಅನ್ನುವುದಿಲ್ಲ. ಬಳಸಿದ ಬೋರ್ಡ್‌ಗೆ ಮಾತ್ರ ಯೋಚಿಸುತ್ತೇನೆ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕಂಪನಿಗಳಿಂದ ವಾಪಸ್ ಬಂದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳು ಸಿಗುತ್ತವೆ. ಅವುಗಳಲ್ಲಿ ಐ5-8500 ಇರುವುದು ಓದಿಗೆ, ಆಫೀಸಿಗೆ ಒಳ್ಳೆಯ ಆಯ್ಕೆ. 6 ಕೋರ್, ವಿಂಡೋಸ್ 11ರ ಗೆರೆಯ ಒಳಗೇ ಇದೆ. ಒಂದೇ ಎಚ್ಚರಿಕೆ: ಅಂಥ ಯಂತ್ರಗಳ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬ) ಮತ್ತು ಬೋರ್ಡ್ ಬಹಳ ಸಲ ಆ ಕಂಪನಿಯದೇ ಅಳತೆಯವು. ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆ ಇದ್ದರೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

‘ಹೊಸ ಬೋರ್ಡ್’ ಎಂದು ಎಚ್61 ಬೋರ್ಡ್ ಜೊತೆ ಐ5-3470 ಕೊಡುವ ಸೆಟ್‌ಗಳನ್ನು ದಯವಿಟ್ಟು ತಗೊಳ್ಳಬೇಡಿ. ಬೋರ್ಡ್ ಹೊಸದಾಗಿ ತಯಾರಾಗಿರಬಹುದು, ಪ್ರೊಸೆಸರ್ ಮಾತ್ರ 2012ರದು. ಬಡ ಮನೆಯವರು ಮಕ್ಕಳಿಗೆಂದು ಕೂಡಿಟ್ಟ ಹಣ ಇಂಥ ಸೆಟ್‌ಗಳಿಗೆ ಹೋಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಟ್ರೇ ಪೀಸ್, ಬಾಕ್ಸ್ ಪೀಸ್ ಅಂತಾರಲ್ಲ, ಏನದು?

ಬಾಕ್ಸ್ ಪೀಸ್ ಎಂದರೆ ಕಂಪನಿಯ ಡಬ್ಬದಲ್ಲಿ ಬಂದದ್ದು, 3 ವರ್ಷದ ಕಂಪನಿ ವಾರಂಟಿ ಇರುತ್ತದೆ. ಟ್ರೇ ಪೀಸ್ ಎಂದರೆ ಕಂಪ್ಯೂಟರ್ ತಯಾರಕರಿಗೆಂದು ಸಗಟಾಗಿ ಬಂದದ್ದು. ಅದಕ್ಕೆ ವಾರಂಟಿ ಕೊಡಬೇಕಾದವರು ಮಾರಿದವರು. ಕೂಲರ್ ಬರುವುದಿಲ್ಲ. ಹಳೆಯ ಜನರೇಷನ್‌ಗಳಲ್ಲಿ ಟ್ರೇ ಪೀಸ್ ಹೆಚ್ಚು ಕಾಣುತ್ತದೆ. ಬೆಲೆ ಹೋಲಿಸುವಾಗ ಎರಡೂ ಒಂದೇ ಬಗೆಯವಾ ಎಂದು ಕೇಳಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ ಇಲ್ಲದೆ ಉಳಿಸಿದ 18 ಶೇಕಡಾ, ಚಿಪ್ ಕೈಕೊಟ್ಟ ದಿನ ಪೂರ್ತಿ ನಷ್ಟವಾಗುತ್ತದೆ.

ಎಲ್ಲ ಜೋಡಿಸಿದರೂ ಡಿಸ್‌ಪ್ಲೇ ಬರುತ್ತಿಲ್ಲ. ಪ್ರೊಸೆಸರ್ ಹೋಗಿದೆಯಾ?

ಬಹುಪಾಲು ಇಲ್ಲ. ಮೂರು ವರ್ಷದ ಹಿಂದೆ ನನ್ನ ಅಕ್ಕನ ಮಗನಿಗೆ ಬಿ450 ಬೋರ್ಡ್, 5600 ಪ್ರೊಸೆಸರ್ ಹಾಕಿ ಜೋಡಿಸಿದೆವು. ಫ್ಯಾನ್ ತಿರುಗುತ್ತಿತ್ತು, ಪರದೆ ಕಪ್ಪು. ಅಂಗಡಿಗೆ ಫೋನ್ ಮಾಡಿದರೆ ‘ನೀವೇ ಪ್ರೊಸೆಸರ್ ಸುಟ್ಟಿದ್ದೀರಿ’ ಎಂದರು. ಎರಡು ದಿನ ಹುಡುಗ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಗೊತ್ತಾಯಿತು, ಬೋರ್ಡ್ ಅಂಗಡಿಯಲ್ಲಿ ಬಹಳ ಕಾಲ ಕೂತಿತ್ತು, ಅದರ ಬಯೋಸ್ 5000 ಸರಣಿ ಬರುವುದಕ್ಕಿಂತ ಹಿಂದಿನದು. ಸ್ನೇಹಿತನ ಹಳೆಯ ರೈಜೆನ್ ಹಾಕಿ ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಸರಿಹೋಯಿತು.

ಹಳೆಯ ಬೋರ್ಡ್, ಹೊಸ ಪ್ರೊಸೆಸರ್ ಸೇರಿಸುವಲ್ಲಿ ಈ ತೊಂದರೆ ಎಲ್ಲ ಕಡೆ ಇದೆ. ಇಂಟೆಲ್‌ನಲ್ಲೂ 12ನೇ ಜನರೇಷನ್ ಕಾಲದ ಬೋರ್ಡ್‌ಗೆ 14ನೆಯದು ಹಾಕುವ ಮೊದಲು ಅಪ್‌ಡೇಟ್ ಬೇಕು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕುವ ಬಟನ್ ಕೆಲವು ಬೋರ್ಡ್‌ಗಳಲ್ಲಿ ಇರುತ್ತದೆ, ಅಂಥದ್ದನ್ನೇ ಆರಿಸಿ. ಇಲ್ಲವೇ ಅಪ್‌ಡೇಟ್ ಮಾಡಿಯೇ ಕೊಡಿ ಎಂದು ಅಂಗಡಿಯಲ್ಲಿ ಹೇಳಿ.

ಎಎಂ5ನಲ್ಲಿ ಇನ್ನೊಂದು ವಿಷಯ. ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಪರದೆ ಅಷ್ಟು ಹೊತ್ತೂ ಕಪ್ಪಾಗಿರುತ್ತದೆ. ಹೆದರಿ ಸ್ವಿಚ್ ಆಫ್ ಮಾಡಬೇಡಿ, ಕಾಯಿರಿ.

ಕರೆಂಟ್ ಬಿಲ್, ಬಿಸಿ?

65 ವ್ಯಾಟ್ ಎಂದು ಬರೆದಿರುವುದು ಗರಿಷ್ಠ ಅಲ್ಲ. ಐ5-12400 ಜೋರಾಗಿ ಓಡುವಾಗ 117 ವ್ಯಾಟ್‌ವರೆಗೆ, ಎಎಂಡಿಯ 65 ವ್ಯಾಟ್‌ನವು 88ರವರೆಗೆ ಹೋಗಬಹುದು. 14900ಕೆ 253 ವ್ಯಾಟ್. ಎರಡು ಪ್ರೊಸೆಸರ್ ನಡುವೆ 40 ವ್ಯಾಟ್ ವ್ಯತ್ಯಾಸವಿದ್ದು, ದಿನಕ್ಕೆ 8 ಗಂಟೆ ಪೂರ್ತಿ ಭಾರದಲ್ಲಿ ಓಡಿಸಿದರೆ ತಿಂಗಳಿಗೆ ಹತ್ತು ಯೂನಿಟ್ ಹತ್ತಿರ. ಮನೆ ಬಳಕೆಯಲ್ಲಿ ಅಷ್ಟೂ ಆಗುವುದಿಲ್ಲ. ಆದ್ದರಿಂದ ಬಿಲ್‌ಗಿಂತ ಬಿಸಿಯ ಕಡೆ ಗಮನ ಕೊಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಕಡಿಮೆ ವ್ಯಾಟ್‌ನ ಪ್ರೊಸೆಸರ್ ಬಹಳ ನೆಮ್ಮದಿ. 7600ಎಕ್ಸ್ ಪೂರ್ತಿ ಭಾರದಲ್ಲಿ 95 ಡಿಗ್ರಿ ಮುಟ್ಟುವ ಹಾಗೆಯೇ ಮಾಡಿರುವುದು, ಜೊತೆಗೆ ಕೂಲರ್ ಬರುವುದಿಲ್ಲ. ಎಕ್ಸ್ ಇಲ್ಲದ 7600ರ ಬಾಕ್ಸ್‌ನಲ್ಲಿ ಕೂಲರ್ ಬರುತ್ತದೆ, ವೇಗದಲ್ಲಿ ಅಂತರವೂ ಅಲ್ಪ.

ಮುಂದಿನ ಜನರೇಷನ್ ಬರುತ್ತಂತೆ, ಕಾಯಲಾ?

ಕೆಲಸ ನಿಂತಿದ್ದರೆ ಕಾಯಬೇಡಿ. ಹೊಸದು ಬಂದ ಮೊದಲ ತಿಂಗಳುಗಳಲ್ಲಿ ಇಲ್ಲಿ ಬೋರ್ಡ್‌ಗಳು ದುಬಾರಿ, ಬಯೋಸ್ ಹಸಿಹಸಿ. ಬಿಡುಗಡೆಗೆ ಒಂದು ತಿಂಗಳೂ ಇಲ್ಲ ಎಂದು ಖಚಿತವಾಗಿದ್ದರೆ ಮಾತ್ರ ಕಾಯಿರಿ.

ನನ್ನ ಹತ್ತಿರ 2017ರ ರೈಜೆನ್ 5 1600 ಇದೆ. ಎಲ್ಲ ಬದಲಿಸಬೇಕಾ?

ಬೇಡ! ಹಳೆಯ ಜನರೇಷನ್ ಪೂರ್ತಿ ಗೆಲ್ಲುವ ಜಾಗ ಇದೇ. ನಿಮ್ಮ ಬೋರ್ಡ್ ಬಿ350 ಆದರೂ, ತಯಾರಕರು 5000 ಸರಣಿಗೆ ಬಯೋಸ್ ಕೊಟ್ಟಿದ್ದರೆ, 5600 ತಂದು ಹಾಕಿ. ಬೋರ್ಡ್, ರ‍್ಯಾಮ್ ಅವೇ ಇರಲಿ. ವಿಂಡೋಸ್ 11ರ ಗೆರೆಯೂ ದಾಟುತ್ತದೆ. ಕ್ರಮ ಮಾತ್ರ ತಪ್ಪಬಾರದು: ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಬಿಚ್ಚಿ.

ಬಿಚ್ಚುವಾಗ ಒಂದು ಜಾಗ್ರತೆ. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್‌ನ ಕೆಳಗೇ ಇರುತ್ತವೆ. ವರ್ಷಗಟ್ಟಲೆ ಒಣಗಿದ ಪೇಸ್ಟ್ ಕೂಲರ್‌ಗೆ ಅಂಟಿಕೊಂಡು, ಕೂಲರ್ ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಮೊದಲು ಹತ್ತು ಹದಿನೈದು ನಿಮಿಷ ಒಂದು ಗೇಮ್ ಓಡಿಸಿ, ಪೇಸ್ಟ್ ಬಿಸಿಯಾಗಿ ಮೆತ್ತಗಾಗಲಿ. ಆಫ್ ಮಾಡಿ, ವೈರ್ ತೆಗೆದು, ಕೂಲರ್ ಸ್ಕ್ರೂ ಅಥವಾ ಕ್ಲಿಪ್ ಬಿಚ್ಚಿ. ಕೂಲರನ್ನು ನೇರವಾಗಿ ಮೇಲೆತ್ತದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ಅಂಟು ಬಿಟ್ಟದ್ದು ಕೈಗೆ ತಿಳಿಯುತ್ತದೆ. ಆಗ ಎತ್ತಿ.